ನಾಲ್ಕೈದು ರಾಗಿಕಾಳು, ಒಂದು ಕೋಟಿ ಬಡಿತ

ಬಲಪಕ್ಕೆಯ ಅಡಿಯಲ್ಲಿ ಸದ್ದಿಲ್ಲದೆ ಕೂತಿರುವ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರ ಮೂಲಕ ಪ್ರತಿ ನಿಮಿಷ ಹರಿಯುವ ರಕ್ತವೂ ಹೆಚ್ಚುಕಡಿಮೆ ಒಂದೂವರೆ ಲೀಟರ್. ಅಂದರೆ ಈ ಅಂಗ ನಿಮಿಷಕ್ಕೊಮ್ಮೆ ತನ್ನದೇ ತೂಕದಷ್ಟು ರಕ್ತವನ್ನು ಸೋಸಿ ಹೃದಯದ ಕಡೆಗೆ ಕಳಿಸುತ್ತದೆ! ಗಂಟೆಗೆ 90 ಲೀಟರ್. ದಿನಕ್ಕೆ 2,160 ಲೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಲ್ಲುವ 12,000 ಲೀಟರಿನ ನೀರಿನ ಟ್ಯಾಂಕರ್ ಗೊತ್ತಲ್ಲ, ಒಬ್ಬರ ಲಿವರ್ ವರ್ಷಕ್ಕೆ ಅಂಥ 65 ಟ್ಯಾಂಕರ್ ರಕ್ತ ಸೋಸುತ್ತದೆ. 70 ವರ್ಷ ಬದುಕಿದರೆ ಐದೂವರೆ ಕೋಟಿ ಲೀಟರ್. ಒಲಿಂಪಿಕ್ ಅಳತೆಯ ಈಜುಕೊಳಗಳಾದರೆ 22. ಇಷ್ಟಕ್ಕೂ ಮೈಯಲ್ಲಿರುವ ಒಟ್ಟು ರಕ್ತ ಐದೇ ಲೀಟರ್!

ಲೆಕ್ಕ ಇಲ್ಲಿಗೇ ನಿಲ್ಲಿಸಲು ಮನಸ್ಸು ಬರುವುದಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 6 ಕೋಟಿ 11 ಲಕ್ಷ ಜನ. ಎಲ್ಲರನ್ನೂ ವಯಸ್ಕರೆಂದೇ ಹಿಡಿದು ಗುಣಿಸಿದರೆ, ನಮ್ಮ ರಾಜ್ಯದ ಲಿವರ್‌ಗಳೆಲ್ಲ ಸೇರಿ ದಿನಕ್ಕೆ 13,000 ಕೋಟಿ ಲೀಟರಿಗೂ ಹೆಚ್ಚು ರಕ್ತ ಸೋಸುತ್ತವೆ. ಟಿಎಂಸಿ ಲೆಕ್ಕದಲ್ಲಿ ನಾಲ್ಕೂವರೆಗೂ ಮೇಲೆ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಹನ್ನೊಂದು ದಿನ ಕೊಟ್ಟರೆ ಕನ್ನಡಿಗರ ಲಿವರ್‌ಗಳು ಕನ್ನಂಬಾಡಿಯನ್ನು ತುಂಬಿಸಿಬಿಡುತ್ತವೆ. ಭಾರತದ 140 ಕೋಟಿ ಜನರ ಲಿವರ್‌ಗಳಿಗೆ ಅದೇ ಕಟ್ಟೆ ದಿನಕ್ಕೆ ಎರಡು ಸಲ ತುಂಬಿ ಕೋಡಿ ಬೀಳುವಷ್ಟು ಸಣ್ಣದು. ಇನ್ನು ಜಗತ್ತಿನ 800 ಕೋಟಿ ಲಿವರ್‌ಗಳು? ದಿನಕ್ಕೆ 610 ಟಿಎಂಸಿ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಇಡೀ ಕಾವೇರಿ ಕಣಿವೆಯ ವರ್ಷದ ನೀರೆಂದು ಲೆಕ್ಕ ಹಾಕಿದ್ದು 740 ಟಿಎಂಸಿ. ನದಿಗೆ ಒಂದು ವರ್ಷ ಬೇಕಾಗುವ ಹರಿವನ್ನು ಮನುಷ್ಯಕುಲದ ಲಿವರ್‌ಗಳು ಮೂವತ್ತು ಗಂಟೆಯೊಳಗೆ ಮುಗಿಸುತ್ತವೆ.

ಈ ಮಹಾಪೂರದ ಮುಕ್ಕಾಲು ಪಾಲು ಬರುವುದು ಒಂದೇ ಕಾಲುವೆಯಲ್ಲಿ. ಕರುಳು, ಜಠರ, ಗುಲ್ಮಗಳಿಂದ ರಕ್ತ ತರುವ ಪೋರ್ಟಲ್ ರಕ್ತನಾಳ ಅದು. ಉದ್ದ ಸುಮಾರು 8 ಸೆಂಟಿಮೀಟರ್, ಅಗಲ 12 ಮಿಲಿಮೀಟರ್ ಆಸುಪಾಸು. ದಿನಕ್ಕೆ 1,600 ಲೀಟರ್ ರಕ್ತಕ್ಕೆ ಕಿರುಬೆರಳಿನ ದಪ್ಪದ ಒಂದು ದಾರಿ!

ಇಷ್ಟು ಹರಿವಿಗೆ ಎಷ್ಟು ಒತ್ತಡ ಬೇಕಾದೀತು? ತೋಳಿನಲ್ಲಿ ನೋಡುವ ಬಿ.ಪಿ. 120. ಕಾರಿನ ಟೈರಿಗೆ 32 ಪಾಯಿಂಟ್ ಗಾಳಿ ಹಿಡಿಸಿದರೆ ಅದೇ ಪಾದರಸದ ಲೆಕ್ಕದಲ್ಲಿ 1,650 ಮಿಲಿಮೀಟರ್. ಲಿವರ್‌ಗೆ ಒಳಬರುವ ಮತ್ತು ಹೊರಹೋಗುವ ರಕ್ತದ ನಡುವಿನ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ ಒಂದರಿಂದ ಐದು ಮಿಲಿಮೀಟರ್. ಐದು! ಟೈರಿನ ಗಾಳಿಯ 330ನೇ ಒಂದು ಭಾಗ. ಸುಮಾರು 24,000 ಕೋಟಿ ಜೀವಕೋಶಗಳು, ಅಂದರೆ ಭೂಮಿಯ ಜನಸಂಖ್ಯೆಯ ಮೂವತ್ತು ಪಟ್ಟು, ಹೆಗಲಿಗೆ ಹೆಗಲು ಕೊಟ್ಟು ನಿಂತಿರುವ ಆ ಮೆತ್ತನೆ ಅಂಗದೊಳಗೆ ರಕ್ತ ಅಷ್ಟು ಸಲೀಸಾಗಿ ಇಳಿದು ಹೋಗುತ್ತದೆ.

ಕುಡಿತ, ಹೆಪಟೈಟಿಸ್ ಬಿ ಮತ್ತು ಸಿ, ಕೊಬ್ಬು ತುಂಬಿದ ಲಿವರ್, ಹೀಗೆ ಯಾವುದೋ ಕಾರಣಕ್ಕೆ ವರ್ಷಗಟ್ಟಲೆ ಗಾಯಗೊಂಡ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದು ಸಿರೋಸಿಸ್. ದಾರಿ ಕಿರಿದಾಗುತ್ತದೆ, ಹಿಂದೆ ಒತ್ತಡ ಏರುತ್ತದೆ. ಐದು ಇದ್ದದ್ದು ಹತ್ತಾದಾಗ ವೈದ್ಯರು ಎದ್ದು ಕೂರುತ್ತಾರೆ. ಹನ್ನೆರಡಾದರೆ ರಕ್ತನಾಳ ಒಡೆಯುವ ಭಯ ಶುರು. ಹನ್ನೆರಡರ ಕೆಳಗೆ ಇಂಥ ರಕ್ತಸ್ರಾವ ಕಾಣುವುದೇ ಇಲ್ಲವೆನ್ನಬಹುದು.

ಈ ಐದು ಮತ್ತು ಹನ್ನೆರಡರ ಅಂತರವನ್ನು ಕಣ್ಣಾರೆ ನೋಡಬೇಕೆ? ಜೇಬಿನಿಂದ ಮೊಬೈಲ್ ತೆಗೆಯಿರಿ. ಐದು ಮಿಲಿಮೀಟರ್ ಪಾದರಸವೆಂದರೆ 6.8 ಸೆಂಟಿಮೀಟರ್ ಎತ್ತರದ ನೀರು: ಮೊಬೈಲಿನ ಅಗಲ. ಹನ್ನೆರಡು ಎಂದರೆ 16.3 ಸೆಂಟಿಮೀಟರ್ ನೀರು: ಮೊಬೈಲಿನ ಉದ್ದ. ಫೋನನ್ನು ಅಡ್ಡ ನಿಲ್ಲಿಸಿದರೆ ಆರೋಗ್ಯ, ಉದ್ದಕ್ಕೆ ನಿಲ್ಲಿಸಿದರೆ ರಕ್ತವಾಂತಿಯ ಹೊಸ್ತಿಲು. ಕೆಆರ್‌ಎಸ್ ತುಂಬಿ ನೀರಿನ ಮಟ್ಟ 124.80 ಅಡಿ ಮುಟ್ಟಿದಾಗ ಕಟ್ಟೆಯ ಬುಡ 38 ಮೀಟರ್ ನೀರನ್ನು ತಡೆದು ನಿಂತಿರುತ್ತದೆ. ಸಿರೋಸಿಸ್ ರೋಗಿಯ ಅನ್ನನಾಳದೊಳಗಿನ ರಕ್ತನಾಳಕ್ಕೆ ಅದರ 230ನೇ ಒಂದು ಭಾಗ ಸಾಕು.

ಅನ್ನನಾಳ ಯಾಕೆ ಬಂತು ನಡುವೆ? ಲಿವರ್ ದಾರಿ ಬಿಡದಿದ್ದಾಗ ರಕ್ತ ಅಡ್ಡದಾರಿ ಹಿಡಿಯುತ್ತದೆ. 25 ಸೆಂಟಿಮೀಟರ್ ಉದ್ದದ ಅನ್ನನಾಳದ ತುದಿಯಲ್ಲಿ, ತೆಳು ಪೊರೆಯ ಅಡಿಯಲ್ಲಿ, ಕೂದಲೆಳೆಯಂತಿದ್ದ ರಕ್ತನಾಳಗಳು ಉಬ್ಬಿ ನೀಲಿ ಹಗ್ಗಗಳಾಗುತ್ತವೆ. ವೈದ್ಯರು ಇವಕ್ಕೆ ವೇರಿಸಸ್ ಅನ್ನುತ್ತಾರೆ. 5 ಮಿಲಿಮೀಟರ್ ದಾಟಿದರೆ ದೊಡ್ಡವು ಎಂಬ ಲೆಕ್ಕ. ರೋಗ ಇನ್ನೂ ಹೊರಗೆ ಕಾಣಿಸಿಕೊಳ್ಳದ ಸಿರೋಸಿಸ್‌ನಲ್ಲೇ ನೂರಕ್ಕೆ 30ರಿಂದ 40 ಜನರಲ್ಲಿ ಇವು ಇರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ ಕಾಮಾಲೆ ಏರಿದ ಹಂತದಲ್ಲಿ ನೂರಕ್ಕೆ 85ರವರೆಗೆ. ಇವುಳ್ಳ ನೂರು ಜನರಲ್ಲಿ 5ರಿಂದ 15 ಮಂದಿಗೆ ಪ್ರತಿ ವರ್ಷ ಅವು ಒಡೆದು ರಕ್ತಸ್ರಾವವಾಗುತ್ತದೆ. ಒಡೆದ ನೂರು ಜನರಲ್ಲಿ 15ರಿಂದ 20 ಮಂದಿ ಆರು ವಾರದೊಳಗೆ ತೀರಿಕೊಳ್ಳುತ್ತಾರೆ. ಇದು ಐಸಿಯು, ಎಂಡೋಸ್ಕೋಪಿ, ಆಂಟಿಬಯಾಟಿಕ್ ಎಲ್ಲ ಇರುವ ಇವತ್ತಿನ ಲೆಕ್ಕ. ನಲವತ್ತು ವರ್ಷದ ಹಿಂದೆ ಸಾವು ಇದರ ಎರಡು ಪಟ್ಟು ಇತ್ತು. ಒಮ್ಮೆ ಬದುಕಿ ಉಳಿದವರಲ್ಲೂ, ಏನೂ ಚಿಕಿತ್ಸೆ ಮಾಡದೆ ಬಿಟ್ಟರೆ, ನೂರಕ್ಕೆ 60 ಜನರಿಗೆ ಒಂದೆರಡು ವರ್ಷದಲ್ಲಿ ಮತ್ತೆ ಒಡೆಯುತ್ತದೆ. ಬೇಸಿನ್ನಿಗೆ ಕೆಂಪಗೆ ಸುರಿದ ಮುಕ್ಕಾಲು ಲೀಟರನ್ನು ಕಂಡ ಮನೆಯವರಿಗೆ ಈ ಶೇಕಡಾವಾರು ಯಾವುದೂ ಬೇಕಾಗುವುದಿಲ್ಲ. ಮೈಯಲ್ಲಿರುವುದು ಐದು ಲೀಟರ್ ಎಂಬುದೊಂದೇ ಲೆಕ್ಕ ಅಲ್ಲಿ ನಡೆಯುವುದು.

ಈಗ ಮದ್ದಿನ ಕಡೆ ಬರೋಣ. ನಂಬಲು ಕಷ್ಟವಾಗುವ ಅಂಕಿಗಳು ಇಲ್ಲಿಂದ ಶುರುವಾಗುತ್ತವೆ.

ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಮದ್ದನ್ನು ರೂಪಿಸಿದ್ದು ಎದೆನೋವಿಗೆಂದು, ಹೃದಯಕ್ಕೆಂದು. 1988ರಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟರೊಳಗೆ ಮದ್ದು ಹೃದಯದಿಂದ ಲಿವರ್ ಕಡೆಗೆ ಹೊರಳಿಯಾಗಿತ್ತು. ಪ್ಯಾರಿಸ್ ಪಕ್ಕದ ಕ್ಲಿಶಿಯ ಬೋಜೋಂ ಆಸ್ಪತ್ರೆಯಲ್ಲಿ ದಿದಿಯೆ ಲೆಬ್ರೆಕ್ ಮತ್ತು ಸಂಗಡಿಗರು 1980ರಲ್ಲಿ ಈ ಮಾತ್ರೆ ಪೋರ್ಟಲ್ ಒತ್ತಡವನ್ನು ಇಳಿಸುತ್ತದೆಂದು ಬರೆದರು. ಮರುವರ್ಷವೇ, ಒಮ್ಮೆ ರಕ್ತಸ್ರಾವವಾಗಿ ಉಳಿದುಕೊಂಡಿದ್ದ 74 ರೋಗಿಗಳ ಅಧ್ಯಯನ ಪ್ರಕಟಿಸಿದರು. ಮದ್ದಿಲ್ಲದ ಸಪ್ಪೆ ಗುಳಿಗೆ ನುಂಗಿದವರಲ್ಲಿ ಒಂದು ವರ್ಷ ರಕ್ತಸ್ರಾವವಾಗದೆ ಉಳಿದವರು ನೂರಕ್ಕೆ 50. ಪ್ರೊಪ್ರನೊಲಾಲ್ ನುಂಗಿದವರಲ್ಲಿ ನೂರಕ್ಕೆ 96! ಕೇವಲ 74 ಜನರ ಅಧ್ಯಯನ, ಆಮೇಲೆ ಬಂದ ಅಧ್ಯಯನಗಳ ಅಂತರ ಇಷ್ಟು ಚೆಲುವಾಗಿರಲಿಲ್ಲ. ಆದರೂ ಆ 96ನ್ನು ಮೊದಲ ಸಲ ಕಂಡವರ ಎದೆ ಹೇಗೆ ಹೊಡೆದುಕೊಂಡಿರಬಹುದು!

ಎದೆಬಡಿತದ ಮಾತೇ ಬಂತು ನೋಡಿ. ಲೆಬ್ರೆಕ್ ತಂಡಕ್ಕೆ ಮದ್ದಿನ ಪ್ರಮಾಣ ತೀರ್ಮಾನಿಸಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ನಾಡಿಬಡಿತ ನೂರಕ್ಕೆ 25ರಷ್ಟು ಇಳಿಯುವವರೆಗೆ ಮಾತ್ರೆ ಏರಿಸುತ್ತ ಹೋದರು. ಇವತ್ತಿಗೂ ಲಿವರ್ ಕ್ಲಿನಿಕ್ಕಿನಲ್ಲಿ ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರ ಮಣಿಕಟ್ಟಿಗೆ ಮೂರು ಬೆರಳು ಒತ್ತಿ, ಗೋಡೆ ಗಡಿಯಾರದ ಮುಳ್ಳು ನೋಡುತ್ತ ಎಣಿಸುತ್ತಾರೆ. ಹದಿನೈದು ಸೆಕೆಂಡಿಗೆ 14 ಬಡಿತ. ನಾಲ್ಕರಿಂದ ಗುಣಿಸಿದರೆ 56. ಗುರಿ 55ರಿಂದ 60, ಸರಿಯಾಗಿ ಕೂತಿದೆ ಎಂದು ಚೀಟಿಯ ಮೇಲೆ ಬರೆಯುತ್ತಾರೆ.

ನಿಮಿಷಕ್ಕೆ 80 ಇದ್ದ ಬಡಿತ 60ಕ್ಕೆ ಇಳಿಯಿತೆನ್ನಿ. ಇಪ್ಪತ್ತೇ ಕಡಿಮೆ. ಗಂಟೆಗೆ 1,200. ದಿನಕ್ಕೆ 28,800. ವರ್ಷಕ್ಕೆ ಒಂದು ಕೋಟಿ ಐದು ಲಕ್ಷ ಬಡಿತ ಉಳಿತಾಯ! ಹಳೆಯ ವೇಗದಲ್ಲಿ ಅಷ್ಟು ಬಡಿತಕ್ಕೆ 91 ದಿನ ಹಿಡಿಯುತ್ತಿತ್ತು. ಹೃದಯಕ್ಕೆ ವರ್ಷದಲ್ಲಿ ಮೂರು ತಿಂಗಳು ಸಂಬಳ ಸಹಿತ ರಜೆ ಸಿಕ್ಕಂತೆ. ಹತ್ತು ವರ್ಷ ಹೀಗೆ ನಡೆದರೆ ಹತ್ತೂವರೆ ಕೋಟಿ ಬಡಿತ. ಹೃದಯ ನಿಧಾನವಾಯಿತು, ಕರುಳಿನ ಕಡೆಯ ರಕ್ತನಾಳಗಳು ತುಸು ಬಿಗಿಯಾದವು, ಪೋರ್ಟಲ್ ಕಾಲುವೆಗೆ ಬರುವ ರಕ್ತ ಇಳಿಯಿತು. ಒಳಗಿನ ಕಥೆ ಸ್ಥೂಲವಾಗಿ ಇಷ್ಟೆ.

ಇಷ್ಟೆಲ್ಲ ಮಾಡಿ ಒತ್ತಡ ಎಷ್ಟು ಇಳಿಯಬೇಕು? ಅದನ್ನು ಅಳೆಯುವ ಕೋಣೆಯೊಳಗೆ ಒಮ್ಮೆ ಇಣುಕೋಣ. ಕುತ್ತಿಗೆಯ ರಕ್ತನಾಳದಿಂದ ಸಪೂರ ಕೊಳವೆಯೊಂದನ್ನು ಹೃದಯದ ಮೂಲಕ ಹಾಯಿಸಿ ಲಿವರ್‌ನೊಳಗೆ ಇಳಿಸುತ್ತಾರೆ. ತುದಿಯ ಪುಟ್ಟ ಬಲೂನು ಉಬ್ಬಿಸದೆ ಒಂದು ಅಂಕಿ, ಉಬ್ಬಿಸಿ ಇನ್ನೊಂದು ಅಂಕಿ. ಪರದೆಯ ಮೇಲೆ 8, ಆಮೇಲೆ 28. ಕಳೆದರೆ 20. ಬೀಟಾ ಬ್ಲಾಕರ್ ಕೊಟ್ಟ ಮೇಲೆ ಈ 20, ಹನ್ನೆರಡರ ಕೆಳಗೆ ಬಂದರೆ ಅತ್ಯುತ್ತಮ. ಬರದಿದ್ದರೂ ಐದರಲ್ಲಿ ಒಂದು ಪಾಲು ಇಳಿದು 16 ಆದರೆ ಸಾಕು, ರಕ್ತಸ್ರಾವದ ಸಾಧ್ಯತೆ ಸರ್ರನೆ ಕುಸಿಯುತ್ತದೆ. ನಾಲ್ಕು ಮಿಲಿಮೀಟರ್ ಪಾದರಸ! ಐದೂವರೆ ಸೆಂಟಿಮೀಟರ್ ನೀರು. ನಿಮ್ಮ ತೋಳಿನ ಬಿ.ಪಿ. ಮೆಟ್ಟಿಲು ಹತ್ತುವಾಗ ಇದರ ಹಲವು ಪಟ್ಟು ಏರುತ್ತದೆ, ನಿಮ್ಮ ಗಮನಕ್ಕೂ ಬರುವುದಿಲ್ಲ.

ಮಾತ್ರೆಯ ತೂಕಕ್ಕೆ ಬರೋಣ. ಪ್ರೊಪ್ರನೊಲಾಲ್ ಜಾಗಕ್ಕೆ ಈಗ ಹೆಚ್ಚಾಗಿ ಕಾರ್ವೆಡಿಲಾಲ್ ಬಂದು ಕೂತಿದೆ. ಇಟಲಿಯ ಮಜೋರೆ ಸರೋವರದ ದಡದ ಬವೇನೊ ಎಂಬ ಊರಿನ ಹೆಸರಲ್ಲಿ ಲಿವರ್ ತಜ್ಞರು ದಶಕಗಳಿಂದ ಸೇರಿ ಒಮ್ಮತದ ಸೂತ್ರಗಳನ್ನು ಬರೆಯುತ್ತಾರೆ. 2021ರ ಏಳನೇ ಕೂಟ ಕಾರ್ವೆಡಿಲಾಲ್‌ಗೆ ಮೊದಲ ಮಣೆ ಹಾಕಿತು. ಶುರುವಿಗೆ 6.25 ಮಿಲಿಗ್ರಾಂ, ಆಮೇಲೆ ದಿನಕ್ಕೆ 12.5. ಮಾತ್ರೆಯಲ್ಲಿ ಬೆರೆಸಿದ ಪುಡಿ ಬಿಟ್ಟು ಅಸಲಿ ಮದ್ದು ನಾಲ್ಕೈದು ರಾಗಿಕಾಳಿನ ತೂಕ! 60 ಕಿಲೋ ಮನುಷ್ಯ ಈ ಮದ್ದಿನ 48 ಲಕ್ಷ ಪಟ್ಟು ತೂಗುತ್ತಾನೆ. ಅದೇ ಅನುಪಾತದಲ್ಲಿ 5 ಟನ್ನಿನ ಸಲಗವನ್ನು ಹದಕ್ಕೆ ತರಲು ಒಂದೇ ಒಂದು ಗ್ರಾಂ ಸಾಕು ಎಂದ ಹಾಗಾಯಿತು. ವರ್ಷವಿಡೀ ನುಂಗಿದರೆ ನಾಲ್ಕೂವರೆ ಗ್ರಾಂ, ಒಂದು ಟೀ ಚಮಚವೂ ತುಂಬದು. ಆ ಚಮಚದ ಪುಡಿ 65 ಟ್ಯಾಂಕರ್ ರಕ್ತದ ಒತ್ತಡವನ್ನು ತಗ್ಗಿಸಿ ಹಿಡಿದಿರುತ್ತದೆ.

ಅಧ್ಯಯನಗಳ ಅಂಕಿ ಎಲ್ಲ ಕಡೆ ಒಂದೇ ರಾಗ ಹಾಡುವುದಿಲ್ಲ, ಅದನ್ನೂ ಹೇಳಬೇಕು. 1987ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಕಾಲೆಸ್, ಇನ್ನೂ ಒಮ್ಮೆಯೂ ರಕ್ತಸ್ರಾವವಾಗದ 230 ರೋಗಿಗಳನ್ನು ನೋಡಿದರು. ಎರಡು ವರ್ಷ ರಕ್ತಸ್ರಾವವಿಲ್ಲದೆ ಉಳಿದವರು ಮದ್ದಿನ ಗುಂಪಿನಲ್ಲಿ ನೂರಕ್ಕೆ 74, ಸಪ್ಪೆ ಗುಳಿಗೆಯವರಲ್ಲಿ 39. ಬದುಕಿ ಉಳಿದವರು 72 ಮತ್ತು 51. ಆಮೇಲೆ ದೆಹಲಿಯಿಂದ ಎದುರು ಲೆಕ್ಕ ಬಂತು. 1999ರಲ್ಲಿ ಶಿವಕುಮಾರ್ ಸರೀನ್ ತಂಡ 89 ರೋಗಿಗಳಲ್ಲಿ ಮಾತ್ರೆಯನ್ನು ಎಂಡೋಸ್ಕೋಪಿಯಿಂದ ವೇರಿಸಸ್‌ಗೆ ರಬ್ಬರ್ ಬ್ಯಾಂಡ್ ಹಾಕುವ ವಿಧಾನದ ಜೊತೆ ಹೋಲಿಸಿದಾಗ, ಒಂದೂವರೆ ವರ್ಷದಲ್ಲಿ ರಕ್ತಸ್ರಾವದ ಸಂಭವ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 15, ಪ್ರೊಪ್ರನೊಲಾಲ್‌ನವರಲ್ಲಿ 43. ಹತ್ತು ವರ್ಷ ಕಳೆದು 2009ರಲ್ಲಿ ಎಡಿನ್‌ಬರೋದವರು 152 ಜನರಲ್ಲಿ ಬ್ಯಾಂಡಿನ ಎದುರು ಕಾರ್ವೆಡಿಲಾಲ್ ಇಳಿಸಿದರು. ಈ ಸಲ ತಕ್ಕಡಿ ತಿರುಗಿತು: ಮಾತ್ರೆಯವರಲ್ಲಿ ನೂರಕ್ಕೆ 10 ಮಂದಿಗೆ ರಕ್ತಸ್ರಾವ, ಬ್ಯಾಂಡಿನವರಲ್ಲಿ 23. ನಡುವೆ, 2005ರಲ್ಲಿ, ವೇರಿಸಸ್ ಹುಟ್ಟುವುದನ್ನೇ ತಡೆಯಲು ಹೊರಟ 213 ಜನರ ಅಧ್ಯಯನದಲ್ಲಿ ಟಿಮೊಲಾಲ್ ಎಂಬ ಅಣ್ಣತಮ್ಮನಂಥ ಮದ್ದು ಕೈಕೊಟ್ಟಿತು. ವೇರಿಸಸ್ ಕಾಣಿಸಿಕೊಂಡದ್ದು ಮದ್ದಿನವರಲ್ಲಿ ನೂರಕ್ಕೆ 39 ಮಂದಿಗೆ, ಸಪ್ಪೆ ಗುಳಿಗೆಯವರಲ್ಲಿ 40. ಒಂದೇ ಒಂದು ಅಂಕಿಯ ಅಂತರ! ಒತ್ತಡ ಹತ್ತು ಮುಟ್ಟುವ ಮೊದಲೇ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಆಮೇಲೆ ಗಟ್ಟಿಯಾಯಿತು.

ಹಾಗಾದರೆ ಹತ್ತು ದಾಟಿದವರನ್ನು ಹುಡುಕುವುದು ಹೇಗೆ? ಎಲ್ಲರ ಕುತ್ತಿಗೆಗೂ ಕೊಳವೆ ಇಳಿಸಲಾಗದು. ಇಲ್ಲಿಯೂ ಒಂದು ಸೊಗಸಾದ ಲೆಕ್ಕ ಇದೆ. ಫೈಬ್ರೊಸ್ಕ್ಯಾನ್ ಯಂತ್ರ ಪಕ್ಕೆಗೆ ಹಗುರಾಗಿ ತಟ್ಟಿ ಲಿವರ್‌ನಲ್ಲಿ ಒಂದು ಅಲೆ ಎಬ್ಬಿಸುತ್ತದೆ, ಅಲೆಯ ಓಟ ನೋಡಿ ಗಡಸುತನ ಹೇಳುತ್ತದೆ. ಆರೋಗ್ಯದ ಲಿವರ್‌ನ ಅಂಕಿ 5ರ ಆಸುಪಾಸು: ಅಲೆಯ ವೇಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್, ಕಬ್ಬನ್ ಪಾರ್ಕಿನಲ್ಲಿ ವಾಕಿಂಗ್ ಹೋಗುವವರ ನಡಿಗೆ. ಅಂಕಿ 25 ಆದರೆ ಅಲೆ ಗಂಟೆಗೆ ಹತ್ತು ಕಿಲೋಮೀಟರಿನ ಜಾಗಿಂಗ್ ಶುರುಮಾಡುತ್ತದೆ. ಪೋರ್ಟಲ್ ಒತ್ತಡ ಹತ್ತು ದಾಟಿದೆ ಎಂದು ತಜ್ಞರು ನಂಬುವುದು ಅಲ್ಲಿಂದಲೇ. ಯಂತ್ರ ಅಳೆಯುವ ಕೊನೆಯ ಅಂಕಿ 75. ಅಷ್ಟು ಬಿಗಿದ ಲಿವರ್‌ನೊಳಗೆ ಅಲೆ ಗಂಟೆಗೆ 18 ಕಿಲೋಮೀಟರಿನಲ್ಲಿ ಸೈಕಲ್ ತುಳಿಯುತ್ತದೆ! ಇದರ ಜೊತೆಗೆ ಮಾಮೂಲಿ ರಕ್ತಪರೀಕ್ಷೆಯ ಪ್ಲೇಟ್‌ಲೆಟ್ ಎಣಿಕೆ. ಅದು ಒಂದೂವರೆ ಲಕ್ಷಕ್ಕಿಂತ ಮೇಲಿದ್ದು, ಗಡಸುತನ 20ರ ಕೆಳಗಿದ್ದರೆ ಎಂಡೋಸ್ಕೋಪಿಯೇ ಬೇಡ ಅನ್ನುತ್ತದೆ ಬವೇನೊ ಸೂತ್ರ. ಡೆಂಗಿ ಬಂದಾಗ ಊರೆಲ್ಲ ಕೇಳುವ ಅದೇ ಪ್ಲೇಟ್‌ಲೆಟ್ ಅಂಕಿ!

ಮಾತ್ರೆಗೂ ಒಂದು ನೆಲಗಟ್ಟು ಇದೆ. ತೋಳಿನ ಬಿ.ಪಿ. ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದರೆ ಕಡಿಮೆ ಮಾಡಬೇಕು ಅಥವಾ ನಿಲ್ಲಿಸಬೇಕು. ಆಸ್ತಮಾ ಇದ್ದವರಿಗೆ ಇದು ಆಗದು. ತಾವಾಗಿಯೇ ಶುರುಮಾಡುವುದೂ ತಪ್ಪು, ಚೆನ್ನಾಗಿದ್ದೇನೆಂದು ತಾವಾಗಿಯೇ ಬಿಡುವುದು ಇನ್ನೂ ದೊಡ್ಡ ತಪ್ಪು, ಬಿಟ್ಟರೆ ಒತ್ತಡ ಹಳೆಯ ಜಾಗಕ್ಕೆ ವಾಪಸ್ಸು.

ಈಗ ಎಲ್ಲಕ್ಕಿಂತ ಭಾರವಾದ ಅಂಕಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮೊದಲ ಲೇಖಕರಾಗಿ 2023ರಲ್ಲಿ ಜಗತ್ತಿನ ಲಿವರ್ ಕಾಯಿಲೆಗಳ ಲೆಕ್ಕಪುಸ್ತಕ ಬಿಡಿಸಿಟ್ಟರು. ವರ್ಷಕ್ಕೆ 20 ಲಕ್ಷ ಸಾವು. ಭೂಮಿಯ ಮೇಲಿನ ಪ್ರತಿ 25 ಸಾವಿನಲ್ಲಿ ಒಂದು. 2011ರ ಎಣಿಕೆಯ ಮೈಸೂರು ನಗರದ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು. ಅಂಥ ಎರಡು ಮೈಸೂರುಗಳು ಪ್ರತಿ ವರ್ಷ ಖಾಲಿ! ದಿನಕ್ಕೆ 5,500 ಜನ. ಹದಿನಾರು ಸೆಕೆಂಡಿಗೊಬ್ಬರು: ಕ್ಲಿನಿಕ್ಕಿನಲ್ಲಿ ಒಬ್ಬರ ನಾಡಿ ಎಣಿಸಿ ಮುಗಿಸುವಷ್ಟರಲ್ಲಿ ಜಗತ್ತಿನಲ್ಲಿ ಇನ್ನೊಬ್ಬರು ಇಲ್ಲ. ಇವರಲ್ಲಿ ಕ್ಯಾನ್ಸರ್‌ನವರು, ಹೆಪಟೈಟಿಸ್‌ನವರು ಎಲ್ಲ ಸೇರಿದ್ದಾರೆ, ಎಲ್ಲರನ್ನೂ ಈ ಮಾತ್ರೆ ಉಳಿಸದು.

ಎಷ್ಟು ಜನರಿಗೆ ಆಗುತ್ತದೆ ಎಂಬುದಕ್ಕೆ ಸ್ಪೇನಿನ ಎಂಟು ಆಸ್ಪತ್ರೆಗಳು ಒಂದು ಅಳತೆ ಕೊಟ್ಟಿವೆ. ಕಾಂದಿದ್ ವಿಲಾನ್ಯುವಾ, ಜೌಮೆ ಬೋಶ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 201 ರೋಗಿಗಳು. ಎಲ್ಲರ ಒತ್ತಡವೂ ಹತ್ತು ದಾಟಿತ್ತು, ಆದರೆ ಕಾಯಿಲೆ ಇನ್ನೂ ಹೊರಬಿದ್ದಿರಲಿಲ್ಲ. ಮೂರು ವರ್ಷದ ಆಸುಪಾಸು ಕಾದು ನೋಡಿದರು. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತಸ್ರಾವವಾಗುವುದು, ಲಿವರ್‌ನಿಂದ ಮಂಪರು ಕವಿಯುವುದು ಅಥವಾ ಸಾವು, ಇವುಗಳಲ್ಲಿ ಒಂದನ್ನು ಕಂಡವರು ಸಪ್ಪೆ ಗುಳಿಗೆಯ ಗುಂಪಿನಲ್ಲಿ ನೂರಕ್ಕೆ 27, ಬೀಟಾ ಬ್ಲಾಕರ್ ಗುಂಪಿನಲ್ಲಿ 16. ಹೆಚ್ಚಿನ ಲಾಭ ಬಂದದ್ದು ಹೊಟ್ಟೆಯ ನೀರು ತಡೆದದ್ದರಿಂದ. ನೂರಕ್ಕೆ ಹನ್ನೊಂದು ಜನ ಪಾರು.

ಹನ್ನೊಂದು ಸಣ್ಣ ಅಂಕಿಯಂತೆ ಕಂಡರೆ ಗುಣಿಸಿ ನೋಡಿ. ಇಂಥ ಒಂದು ಲಕ್ಷ ಜನರಿಗೆ ಮೂರು ವರ್ಷ ಮದ್ದು ಕೊಟ್ಟು ಅದೇ ಅನುಪಾತ ಉಳಿದರೆ ಹನ್ನೊಂದು ಸಾವಿರ ಜನ. ಎಲ್ಲರೂ 12.5 ಮಿಲಿಗ್ರಾಂ ಕಾರ್ವೆಡಿಲಾಲನ್ನೇ ನುಂಗಿದರೆಂದು ಹಿಡಿದರೂ ಮೂರು ವರ್ಷಕ್ಕೆ ಬೇಕಾಗುವ ಒಟ್ಟು ಮದ್ದು 1,369 ಕಿಲೋ. ದಸರಾ ಅಂಬಾರಿ ತೂಗುವುದು 750 ಕಿಲೋ, ಅಂಥ ಎರಡು ಅಂಬಾರಿಯೂ ಆಗಲಿಲ್ಲ. ಪಾರಾದ ಒಬ್ಬೊಬ್ಬರ ಪಾಲಿಗೆ 125 ಗ್ರಾಂ. ಹತ್ತು ಲಕ್ಷ ಜನರಿಗೆ ಕೊಟ್ಟರೆ ಮದ್ದಿನ ತೂಕ ಮೂರು ಆನೆಗೂ ಕಡಿಮೆ, ಪಾರಾಗುವವರು ಒಂದು ಲಕ್ಷ ಹತ್ತು ಸಾವಿರ.